ವ್ಯಾನಿಗೆ ಬೇಕಾದ ಹೊರಗಿನ ಮೂಗು

ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ, ಎಂಟನೇ ಇಯತ್ತೆಯ ನಡುವೆ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ. ಬ್ಯಾಡಗಿ ಪೇಟೆಯಲ್ಲಿ ಹಮಾಲರು ಮೆಣಸಿನಕಾಯಿ ಚೀಲ ಎತ್ತಿ ಒಗೆಯುವುದನ್ನು ನೋಡಿ, ನನಗೂ ಅಷ್ಟು ತಾಕತ್ತಿದೆ ಎಂದು ನಾನೇ ಬಿಟ್ಟೆ. ತಾಕತ್ತು ಇತ್ತು ಕೂಡ. ಹದಿನೈದು ವರ್ಷ ಚೀಲ ಹೊತ್ತೆ. ಆಮೇಲೆ ಸುತ್ತಲಿನ ಹಳ್ಳಿಗಳಿಂದ ರೈತರ ಮೆಣಸಿನಕಾಯಿಯನ್ನು ಪೇಟೆಗೆ ಸಾಗಿಸುವ ಕೆಲಸ ಹಿಡಿದೆ. ಬಾಡಿಗೆ ಗಾಡಿಯವರು ಹೇಳಿದ ಹೊತ್ತಿಗೆ ಒಂದು ದಿನವೂ ಬಂದವರಲ್ಲ. ತೊಂಬತ್ತೊಂದರಲ್ಲಿ, ಹಳೆಯದಾದರೂ ಸರಿ, ಸ್ವಂತದ್ದೊಂದು ಗಾಡಿ ಇರಲಿ ಎಂದು ಹುಡುಕಲು ಹೊರಟೆ.

ಗಾಡಿ ಬೇಕಾಗಿದ್ದದ್ದು ಚೀಲಕ್ಕಷ್ಟೇ ಅಲ್ಲ. ಏಳು ವರ್ಷದ ಮಗಳಿಗೆ ಉಬ್ಬಸವಿತ್ತು. ಕದರಮಂಡಲಗಿಯ ನಮ್ಮ ಮನೆಯಿಂದ ಹಾವೇರಿಯ ಡಾಕ್ಟರ ಬಳಿ ಹೋಗಬೇಕೆಂದರೆ ಬ್ಯಾಡಗಿಯಲ್ಲಿ ಬಸ್ಸು ಬದಲಿಸಬೇಕು. ಒಮ್ಮೆ ಅಲ್ಲಿ ಬಸ್ಸು ಕಾಯುತ್ತ ಅವಳ ತುಟಿ ನೀಲಿಗಟ್ಟಿತ್ತು. ಅಂದಿನಿಂದ ಹೆಂಡತಿಯದು ಒಂದೇ ಮಾತು: "ನೀವು ಏನರ ತೊಗೊಳ್ರಿ, ಕೂಸಿನ್ನ ಲಗೂನ ದವಾಖಾನಿಗೆ ಮುಟ್ಟಸಬೇಕ್ ಅದು." ಡಾಕ್ಟರು, ಮಗುವಿಗೆ ಧೂಳು ತಾಗಬಾರದು ಎಂದು ಹೇಳಿದ್ದರು.

ಮೂರು ಗಾಡಿ ನೋಡಿದೆ. ಮೂರೂ ಸರಿ ಕಂಡವು, ಮೂರೂ ತಪ್ಪು ಕಂಡವು. ಹಾವೇರಿಯಲ್ಲಿ ಟ್ರೇಲರ್ ಸಮೇತ ಒಂದು ಜೀಪು; ಅದಕ್ಕೆ ಬಾಗಿಲಿಲ್ಲ, ಮೇಲೆ ತಾಡಪತ್ರಿಯ ಹೊದಿಕೆ. ರಾಣೆಬೆನ್ನೂರಿನಲ್ಲಿ ಒಂದು ಸಣ್ಣ ಲಾರಿ. ಎಷ್ಟು ಚೀಲ ಹೇರಿದರೂ ಹೂಂ ಅನ್ನುವಂಥದ್ದು, ಆದರೆ ಮನೆಮಂದಿ ಕೂರಲು ಜಾಗವಿಲ್ಲ. ಬ್ಯಾಡಗಿಯಲ್ಲಿ ಒಂದು ಡೀಸೆಲ್ ವ್ಯಾನು. ಸುತ್ತ ಮುಚ್ಚಿಗೆ, ಗಾಜಿನ ಕಿಟಕಿ, ಮುಂದೆ ಸೀಟು, ಹಿಂದೆ ಚೀಲ.

ರಾಣೆಬೆನ್ನೂರಿನಿಂದ ಗಾಡಿ ರಿಪೇರಿಯ ಮಿಸ್ತ್ರಿ ಚಾಚಾನನ್ನು ಕರೆದುಕೊಂಡು ಹೋದೆ. ಅವರು ಜೀಪಿನ ಎಂಜಿನ್ನಿಗೆ ಕಿವಿಗೊಟ್ಟು, "ತಮ್ಮಾ, ಇದು ನಿನ್ನ ಮೊಮ್ಮಕ್ಕಳ ತನಕ ಓಡತೈತಿ" ಎಂದರು. ವ್ಯಾನಿನ ಕೆಳಗೆ ನುಸುಳಿ ಎದ್ದು ಬಂದು, "ಇದೂ ಖರಾಬ್ ಇಲ್ಲ" ಎಂದರು.

"ಚಾಚಾ, ಒಂದ ಹೇಳ್ರಿ. ಎರಡೂ ಛಲೋ ಅಂದ್ರ ನಾ ಏನ್ ತಿಳ್ಕೊಳ್ಳಿ?"

"ಲಗ್ನಾ ಆಗಾವ ನೀನ, ಹುಡುಗಿ ನಾ ಆರಿಸಲೇನು?"

ಎರಡು ವಾರ ನಿದ್ದೆಯಲ್ಲೂ ಟೈರು ಒದ್ದು ನೋಡುತ್ತಿದ್ದೆ. ಕೊನೆಗೆ ಹೆಂಡತಿಯೇ ತೀರ್ಮಾನ ಹೇಳಿದಳು. ಜೀಪಿನಲ್ಲಿ ದಾರಿಯ ಮಣ್ಣೆಲ್ಲ ಮಗುವಿನ ಮೂಗಿಗೆ. ಮುಚ್ಚಿದ ವ್ಯಾನೇ ಸರಿ. ನನಗೂ ಸರಿ ಅನ್ನಿಸಿತು. ವ್ಯಾನನ್ನೇ ಕೊಂಡು ತಂದೆ.

ಗಾಲಿಗೆ ನಿಂಬೆಹಣ್ಣು ಇಟ್ಟು, ಮಗಳನ್ನು ಮುಂದೆ ಕೂರಿಸಿ, ಬಾಗಿಲು ಹಾಕಿ, ಕಿಟಕಿ ಏರಿಸಿದೆವು. ನಿಂಬೆಹಣ್ಣು ಒಡೆಯುವ ಮೊದಲೇ ಮಗಳು ಕೆಮ್ಮತೊಡಗಿದಳು. ಕಣ್ಣಲ್ಲಿ ನೀರು. ಎತ್ತಿ ಹೊರಗೆ ತಂದಾಗ ಎದೆ ಸಿಳ್ಳೆ ಹೊಡೆಯುತ್ತಿತ್ತು.

"ಅಪ್ಪಾ, ಒಳಗ ಖಾರ ಐತಿ" ಎಂದಳು.

ನಾನು ಒಳಗೆ ಹೋಗಿ ಮೂಗಿನಿಂದ ಉಸಿರು ಎಳೆದೆ. ಏನೂ ಇಲ್ಲ. ಹೆಂಡತಿಯೂ ಎಳೆದಳು. ಅವಳು ಮದುವೆಗೆ ಮೊದಲಿನಿಂದ ಪೇಟೆಯಲ್ಲಿ ಕಾಯಿಯ ತೊಟ್ಟು ಬಿಡಿಸಿದವಳು. "ನನಗೇನೂ ವಾಸನಿ ಬರವಲ್ದ್ರಿ" ಎಂದಳು. ವ್ಯಾನಿನ ತಳದ ಹಲಗೆ ಕಿತ್ತೆ. ಕೆಳಗೆ ಬೆರಳು ದಪ್ಪಕ್ಕೆ ಮೆಣಸಿನ ಬೀಜ, ಕೆಂಪು ಪುಡಿ. ಡಾಕ್ಟರು ಧೂಳು ಎಂದಾಗ ನಮಗೆ ಹೊಳೆದದ್ದು ದಾರಿಯ ಮಣ್ಣು. ಮೆಣಸಿನಕಾಯಿಯೂ ಧೂಳು ಎಂದು ನಮ್ಮ ಕಡೆ ಯಾರು ತಿಳಿದಾರು? ಅದು ನಮ್ಮ ಅನ್ನ.

ಸೋಪು ಹಚ್ಚಿ, ಸುಣ್ಣದ ನೀರು ಹಾಕಿ, ಮೂರು ಸಲ ತೊಳೆದೆವು. ಆದರೆ ಹೋಯಿತೋ ಇಲ್ಲವೋ ತಿಳಿಯುವುದು ಹೇಗೆ? ಮಗಳನ್ನು ಕೂರಿಸಿ ನೋಡುವ ಧೈರ್ಯವಿಲ್ಲ. ನೆರೆಮನೆಯವರನ್ನು ಕರೆದರೆ ಎಲ್ಲರದೂ ನಮ್ಮಂಥದೇ ಮೂಗು. ಊರ ಶಾಲೆಗೆ ಕರಾವಳಿಯ ಕಡೆಯಿಂದ ಒಬ್ಬ ಮಾಸ್ತರರು ಹೊಸದಾಗಿ ಬಂದಿದ್ದರು. ಶಾಲೆ ಬಿಟ್ಟ ಮೇಲೆ ನಾನು ಮಾಸ್ತರರ ಮುಂದೆ ನಿಂತದ್ದು ಅದೇ ಮೊದಲು.

"ಸರ, ಒಂದ ಐದು ಮಿನಿಟ ನಮ್ಮ ವ್ಯಾನಿನ್ಯಾಗ ಕುಂದರ್ತೀರೇನ್ರಿ?"

"ಎಲ್ಲಿಗೆ ಹೋಗುವುದು?"

"ಎಲ್ಲಿಗೂ ಇಲ್ರಿ. ಸುಮ್ಮನ ಕುಂದರೂದು."

ಒಳ್ಳೆಯ ಮನುಷ್ಯ, ಕೂತರು. ಬಾಗಿಲು ಹಾಕಿದೆ. ಏಳು ಸೀನು ಎಣಿಸಿದೆ. ಎಂಟನೆಯದಕ್ಕೆ ಅವರೇ ಬಾಗಿಲು ದೂಡಿ ಹೊರಬಿದ್ದರು. "ಮಾರಾಯ್ರೇ, ಇದರಲ್ಲಿ ನೀವು ಮನುಷ್ಯರನ್ನು ಕೂರಿಸುವುದಾ?"

ಮಾರಿದವನ ಹತ್ತಿರ ಹೋಗಿ ಕೂಗಾಡಿದೆ. ಅವನು ಎಲೆ ಅಡಿಕೆ ಜಗಿಯುತ್ತಲೇ ಹೇಳಿದ: "ಬ್ಯಾಡಗಿ ಗಾಡ್ಯಾಗ ಮೆಣಸಿನಕಾಯಿ ವಾಸನಿ ಬರದ ಅತ್ತರ್ ವಾಸನಿ ಬರತೈತೇನೊ? ಅದೂ ನಮ್ಮ ಕಾಯಿ ಬಣ್ಣದ ಕಾಯಿ, ಇದಕ್ಕೇನ್ ಘಾಟು?" ನಾನೂ ಹೊರ ಊರಿನವರಿಗೆ ಅದೇ ಮಾತನ್ನು ಎಷ್ಟೋ ಸಲ ಹೇಳಿದವನು. ಬಂದ ದಾರಿ ಹಿಡಿದೆ.

ವ್ಯಾನನ್ನು ಒಬ್ಬ ಕಾಯಿ ವ್ಯಾಪಾರಿಗೆ ಕೊಟ್ಟು, ಹಾವೇರಿಯ ಜೀಪನ್ನು ಟ್ರೇಲರ್ ಸಮೇತ ತಂದೆ. ಚೀಲ ಟ್ರೇಲರಿನಲ್ಲಿ, ಮಂದಿ ಜೀಪಿನಲ್ಲಿ. ಮಣ್ಣು ಬಾರದಂತೆ ಮಗಳ ಮುಖಕ್ಕೆ ಒದ್ದೆ ಬಟ್ಟೆ. ಈಗ ಸರಿಯಾಯಿತು ಎಂದುಕೊಂಡೆ.

ಮಾಘದಲ್ಲಿ ಒಂದು ಮಧ್ಯಾಹ್ನ ನಾನು ಪೇಟೆಯಿಂದ ಮನೆಗೆ ಬರುವಷ್ಟರಲ್ಲಿ ಮಗಳಿಗೆ ಉಬ್ಬಸ ಎದ್ದಿತ್ತು. ಟ್ರೇಲರ್ ಬಿಚ್ಚಿ, ಅವಳನ್ನು ನನ್ನ ಪಕ್ಕದಲ್ಲೇ, ನನ್ನ ಮತ್ತು ಹೆಂಡತಿಯ ನಡುವೆ, ಕೂರಿಸಿಕೊಂಡು ಹೊರಟೆ. ಗಾಳಿ ಧಾರಾಳ ಇದ್ದರೂ ಅವಳಿಗೆ ಉಸಿರು ಹೆಚ್ಚೆಚ್ಚು ಕಟ್ಟುತ್ತಿತ್ತು. ಯಾಕೆಂದು ತಿಳಿಯದೆ ನಾನು ಜೀಪನ್ನೇ ಬೈಯುತ್ತಿದ್ದೆ. ಮಗಳು ನನ್ನಿಂದ ಮುಖ ತಿರುಗಿಸಿ ತಾಯಿಯ ಕಡೆ ವಾಲುವುದನ್ನು ಹೆಂಡತಿ ನೋಡಿದಳು.

"ನಿಲ್ಲಸ್ರಿ! ಅಂಗಿ ಕಳೀರಿ!"

"ಹಾವೇರಿಗೆ ಬರೇ ಮೈಲೇ ಹೋಗ್ಲೇನು?"

"ಕಳೀತೀರೋ, ಹರೀಲ್ಯೋ?"

ಅಂಗಿ, ಬನೀನು ಎರಡನ್ನೂ ದಾರಿಬದಿಯ ಬೇಲಿಗೆ ಒಗೆದೆ. ಯಾರ ಮುಂದೆಯೂ ತಲೆ ತಗ್ಗಿಸದ ನಾನು ಬರಿಮೈಯಲ್ಲಿ ಹಾವೇರಿಯ ದೊಡ್ಡ ರಸ್ತೆಯಲ್ಲಿ ಜೀಪು ಹೊಡೆದೆ. ಡಾಕ್ಟರು ಸೂಜಿ ಹಾಕಿದರು. ಸಂಜೆಗೆ ಮಗಳು ಬಿಸ್ಕೀಟು ಕೇಳಿದಳು. ಘಾಟು ಅಂಗಿಯಲ್ಲಿತ್ತೋ, ನನ್ನ ಚರ್ಮದಲ್ಲೇ ಇದೆಯೋ, ಇವತ್ತಿಗೂ ನನಗೆ ಗೊತ್ತಾಗುವುದಿಲ್ಲ.

ಈಗ ನನ್ನ ಹತ್ತಿರ ಇರುವುದು: ಒಂದು ಜೀಪು, ಒಂದು ಟ್ರೇಲರ್, ಪೇಟೆಗೆ ಹಾಕುವ ಅಂಗಿ ನಾಲ್ಕು, ಅಂಗಳದ ಆಚೆ ಅವನ್ನು ತೂಗುಹಾಕಲು ಒಂದು ಗೂಟ, ಮಗಳ ಪಕ್ಕ ಕೂರುವಾಗ ಹಾಕುವ ಅಂಗಿ ಎರಡು.