ಪಕ್ಕಾ ಬಿಲ್ಲು

ಮಧ್ಯಪ್ರದೇಶದ ಪೀತಮ್‌ಪುರದಲ್ಲಿ ನಮ್ಮ ಮೇಲಿನ ಮನೆಗೆ ಹೊಸದಾಗಿ ಬಂದಿದ್ದ ಕನ್ನಡದಾಕೆಗೆ ಹಿಂದಿ ಬರುತ್ತಿರಲಿಲ್ಲ. ಕೂಲರ್ ಕೊಳ್ಳಲು ನಾನೇ ಜಂಬದಿಂದ ಕರೆದುಕೊಂಡು ಹೋದೆ. ಇಬ್ಬರೂ ಒಂದೊಂದು ಕೊಂಡೆವು. ತೆರಿಗೆ ಉಳಿಸಲೆಂದು ನಾನು ಬಿಲ್ಲು ಬೇಡವೆಂದು, ಬರೀ ಚೀಟಿಯಲ್ಲಿ ಬೆಲೆ ಗೀಚಿಸಿಕೊಂಡೆ. ಅವಳು ಮಾತ್ರ ಬೆಲೆ ಕೇಳಿದೊಡನೆ ನಮ್ಮೂರ ಧಾಟಿಯಲ್ಲಿ, ನಿಜ ತಾನೇ ಎಂಬಂತೆ, "ಪಕ್ಕಾ?" ಎಂದಳು. ಪಕ್ಕಾ ಬಿಲ್ಲು ಕೇಳಿದಳೆಂದುಕೊಂಡ ಅಂಗಡಿಯವನು, "ಅಚ್ಛಾ, ಪಕ್ಕಾ ಚಾಹಿಯೇ?" ಎಂದು ಗೊಣಗುತ್ತ, ತೆರಿಗೆ ಸೇರಿಸಿ, ಮೊಹರು ಒತ್ತಿ ಕೊಟ್ಟ. ದಾರಿಯುದ್ದಕ್ಕೂ ಒಳಗೊಳಗೇ ನಕ್ಕೆ.

ಜೂನ್‌ನಲ್ಲಿ ಎರಡೂ ಕೂಲರುಗಳ ಮೋಟಾರುಗಳು ಸುಟ್ಟುಹೋದವು. ಅವಳ ಬಿಲ್ಲು ನೋಡಿ ಅಂಗಡಿಯವನು ತೆಪ್ಪಗೆ ಹೊಸ ಮೋಟಾರು ಹಾಕಿಸಿದ. ನನ್ನ ಚೀಟಿ ನೋಡಿ, "ಯೇ ಹಮಾರಾ ನಹೀಂ ಹೈ, ಬೆಹನ್‌ಜೀ" ಎಂದು, ಅದು ತನ್ನಂಗಡಿಯದೇ ಅಲ್ಲವೆಂದ. ನನ್ನ ಸೊಗಸಾದ ಹಿಂದಿಯಲ್ಲಿ ಎಷ್ಟು ಕೂಗಾಡಿದರೂ ಜಗ್ಗಲಿಲ್ಲ. ಮೇಲಿನಿಂದ ಅವಳ ಕೂಲರಿನ ಸದ್ದು ಕೇಳಿದಾಗಲೆಲ್ಲ, ಅದು ಇನ್ನೊಮ್ಮೆ ಕೆಡಬಾರದೇ ಎಂದುಕೊಂಡೆ.

"ಬನ್ನಿ ಅಕ್ಕಾ, ನಮ್ಮನೇಲಿ ಕೂತ್ಕೊಳ್ಳಿ" ಎಂದು ಅವಳೇ ಕರೆದಳು. ಹೋಗಿ ಕೂಲರಿನ ಎದುರಿಗೇ ಕುಳಿತೆ.

"ಈಗ ತಂಪಾಯ್ತಾ?"

"ಪಕ್ಕಾ" ಎಂದೆ. ಹೊಟ್ಟೆ ಧಗಧಗ ಉರಿಯುತ್ತಿತ್ತು.