ದೊರೆಯ ಮಂಚದ ಮೇಲಿನ ಬೀಸಣಿಗೆ

ಕುಣಿಗಲ್ ಕಡೆಯ ಕೆರೆಯೊಂದರ ನಡುಗಡ್ಡೆಯಲ್ಲಿ ಇಂಗ್ಲಿಷ್ ದೊರೆಯೊಬ್ಬ ಕಟ್ಟಿಸಿದ ಹಳೆಯ ಬಂಗಲೆಯಿತ್ತು. ಎಪ್ಪತ್ತೈದನೇ ಇಸವಿಯ ಆಸುಪಾಸಿನಲ್ಲಿ ಅಪ್ಪ ನನ್ನನ್ನೂ ತಮ್ಮನನ್ನೂ ಹರಿಗೋಲಿನಲ್ಲಿ ಅಲ್ಲಿಗೆ ಕರೆದೊಯ್ದರು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ನನಗೆ ಅದೇ ದೊಡ್ಡ ಪ್ರವಾಸ.

"ಏನಾದ್ರೂ ಮುಟ್ಟಿದ್ರೆ ಬೆನ್ನು ಮುರೀತೀನಿ" ಎಂದು ಹೇಳಿ ಅಪ್ಪ ಕಾವಲುಗಾರನೊಂದಿಗೆ ಜಗಲಿಯಲ್ಲಿ ಬೀಡಿ ಹಚ್ಚಿದರು. ಒಳಗೆ ದೊರೆಯ ಮಂಚ. ಅದರ ಮೇಲೆ, ಹಗ್ಗ ಎಳೆದರೆ ಗಾಳಿ ಬೀಸುವಂತೆ ಸೂರಿಗೆ ತೂಗುಹಾಕಿದ್ದ ಬಟ್ಟೆಯ ಬೀಸಣಿಗೆ. ನಾನು ಮಂಚದ ಮೇಲೆ ಕಾಲು ಚಾಚಿದೆ.

"ಎಳ್ಯೋ, ನಾನೀಗ ದೊರೆಸಾನಿ ಕಣೋ!"

"ಅಪ್ಪ ಹೊಡೀತಾರೆ ಕಣಕ್ಕ."

"ಥೂ ಪುಕ್ಲ! ಎಳ್ಯೋ."

ಎಳೆದ. ಬೀಸಣಿಗೆ ಬಾವಲಿ ಹಿಕ್ಕೆಯ ಸಮೇತ ನನ್ನ ಮೇಲೆಯೇ ಬಿತ್ತು. ಓಡಿಬಂದ ಅಪ್ಪನಿಗೆ, "ಇವ್ನೇ ಎಳ್ದಿದ್ದು" ಎಂದು ಅಳುತ್ತಾ ಹೇಳಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ; ಎಳೆಸಿದ್ದು ಯಾರೆಂಬುದನ್ನಷ್ಟೇ ನುಂಗಿದ್ದೆ. ತಮ್ಮನ ಬೆನ್ನಿಗೆ ಏಟುಗಳು ಬಿದ್ದವು. ಅವನು ಬಾಯಿ ಬಿಡಲಿಲ್ಲ. ವಾಪಸು ಬರುವಾಗ ಹರಿಗೋಲಿನಲ್ಲಿ ನನ್ನ ತಲೆಯ ಹಿಕ್ಕೆ ಹೆಕ್ಕುತ್ತಾ ಕೂತಿದ್ದ.

ಅಪ್ಪ ತೀರಿಕೊಳ್ಳುವವರೆಗೂ ನಾನು ನಿಜ ಹೇಳಲಿಲ್ಲ. ಈಗಲೂ ತಮ್ಮನ ಮನೆಗೆ ಹೋದರೆ, ಅವನು ಫ್ಯಾನಿನ ಸ್ವಿಚ್ಚಿನ ಮೇಲೆ ಬೆರಳಿಟ್ಟು ಕೇಳುತ್ತಾನೆ: "ದೊರೆಸಾನಿ, ಎಳೀಲಾ?"