ರುದ್ರಪ್ಪನ ಎರಡು ‘ಹೂಂ’

ಕುಣಿಗಲ್ಲಿನ ಗೌರಕ್ಕ ನನಗೆ ಫೋನ್ ಮಾಡುವುದು ಹಬ್ಬಕ್ಕೆ ಕರೆಯಲು ಮಾತ್ರ. ಮೊನ್ನೆ ಮಂಗಳವಾರ ಹಬ್ಬವೇನೂ ಇರಲಿಲ್ಲ.

“ನಿನ್ ಸ್ನೇಹಿತ ನನ್ನ ಬುಟ್ಬುಟ್ಟ ಕಣಪ್ಪ,” ಎಂದರು. “‘ನನ್ಮೇಲೆ ಸಿಟ್ಟೇನ್ಲಾ’ ಅಂದೆ. ‘ಹೂಂ’ ಅಂದ. ‘ಹಂಗಾದ್ರೆ ಇನ್ಮೇಲೆ ಫೋನ್ ಮಾಡ್ಬೇಡ್ವಾ’ ಅಂದೆ. ಅದಕ್ಕೂ ‘ಹೂಂ’.”

ಸ್ನೇಹಿತ ಎಂದರೆ ಅವರ ತಮ್ಮ ರುದ್ರಪ್ಪ. ತುಮಕೂರು ಪಕ್ಕದ ಸತ್ಯಮಂಗಲದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಮೆಷಿನ್ ಮುಂದೆ ನಿಂತು, ಎಡಗಿವಿಯನ್ನು ಅಲ್ಲೇ ಒಪ್ಪಿಸಿ ರಿಟೈರ್ ಆದವನು. (ಬಲಗಿವಿ ಅರ್ಧ ದಿನದ ಡ್ಯೂಟಿ ಮಾಡುತ್ತಿದೆ.) ಬೆಳಿಗ್ಗೆ ಅಕ್ಕನ ಜೊತೆ ಫೋನಲ್ಲಿ ಮಾತಾಡದೆ ಅವನು ಕಾಫಿ ಲೋಟ ಮುಟ್ಟುವುದಿಲ್ಲ. ಅಂಥವನು ಅಕ್ಕನನ್ನು ಬಿಡುವುದುಂಟೆ?

ಅವನಿರುವುದು ಗುಬ್ಬಿಯಲ್ಲಿ. ತುಮಕೂರಿನಿಂದ ಬಸ್ಸು ಹತ್ತಿದೆ.

“ಭಾನುವಾರದಿಂದ ಫೋನಲ್ಲಿ ಅಕ್ಕ ಹೇಳೋದು ತಿಳೀತಿಲ್ಲ ಕಣೋ,” ಎಂದ ರುದ್ರಪ್ಪ, ಬಲಗಿವಿ ಮುಟ್ಟಿಕೊಂಡು. “ಇದೂ ಹೋಯ್ತು. ಹೇಳಿದ್ರೆ ಅಳ್ತಾಳೆ. ಅದಕ್ಕೇ ಹೂಂ ಅಂತಿದ್ದೆ.”

“ನಾನನ್ನೋದು ಕೇಳಿಸ್ತಿದೆಯಲ್ಲ?”

“ನೀನು ಮಾತಾಡ್ತೀಯಾ? ಕೂಗ್ತೀಯ.”

ಫೋನ್ ಈಸಿಕೊಂಡು ನೋಡಿದೆ. ಭಾನುವಾರ ಅಪ್‌ಡೇಟ್ ಆಗಿದೆ. ‘ನಿಮ್ಮ ಅನುಭವವನ್ನು ಇನ್ನಷ್ಟು ಉತ್ತಮಗೊಳಿಸಿದ್ದೇವೆ’ ಎಂಬ ಅಭಿನಂದನಾ ಪತ್ರ ಬೇರೆ. ಹಿಂದಿನ ವರ್ಷ ಅವನ ಮಗಳು ಕೂತು ಒಂದು ಸೆಟ್ಟಿಂಗ್ ಮಾಡಿಕೊಟ್ಟಿದ್ದಳು. ಫೋನು ಸಣ್ಣ ಸಣ್ಣ ಶಬ್ದ ಮಾಡಿ ‘ಕೇಳಿಸಿತೇ?’ ಎನ್ನುತ್ತದೆ, ನಾವು ಹೌದು, ಇಲ್ಲ ಒತ್ತಿದಂತೆ ನಮ್ಮ ಕಿವಿಗೆ ತಕ್ಕ ಹಾಗೆ ದನಿ ಹೊಂದಿಸಿಕೊಳ್ಳುತ್ತದೆ. ಅಷ್ಟನ್ನೂ ಅಪ್‌ಡೇಟ್ ಗುಡಿಸಿ ಹಾಕಿತ್ತು. ನಮ್ಮನ್ನು ಉದ್ಧಾರ ಮಾಡಲು ಬಂದವರು ಇದ್ದದ್ದನ್ನು ಉಳಿಸಿದ್ದು ಯಾವಾಗ, ನೀವೇ ಹೇಳಿ?

ಇಯರ್‌ಫೋನ್ ಸಿಕ್ಕಿಸಿ ಮತ್ತೆ ಪರೀಕ್ಷೆಗೆ ಕೂರಿಸಿದೆ. ಎಸ್ಸೆಸ್ಸೆಲ್ಸಿಗೂ ಅವನು ಹೀಗೆ ಬೆವತಿರಲಿಲ್ಲ.

“ಫೇಲಾದ್ರೆ?”

“ಹೋದ ವರ್ಷ ಪಾಸಾಗಿದ್ಯಲ್ಲ. ಒತ್ತು.”

ಕಣ್ಣು ಮುಚ್ಚಿ ಕೂತ. ಬಹಳ ಹೊತ್ತಿನ ಮೇಲೆ, “ಕೇಳಿಸ್ತು,” ಎಂದ. ಆಮೇಲೆ, “ಇದೂ.”

ಮುಗಿದ ಕೂಡಲೇ ಕುಣಿಗಲ್ಲಿಗೆ ಫೋನ್. “ಅಕ್ಕಾ,” ಎಂದವನು ಹತ್ತು ನಿಮಿಷ ಮತ್ತೆ ಬಾಯಿ ತೆರೆಯಲಿಲ್ಲ. ಮುಖ ಮಾತ್ರ ಅರಳುತ್ತಾ ಹೋಯಿತು. ನನ್ನ ಕಡೆ ತಿರುಗಿ ಪಿಸುಗುಟ್ಟಿದ: “ಬೈತಾವ್ಳೆ. ಒಂದಕ್ಷರ ಬಿಡದಂಗೆ ಕೇಳಿಸ್ತಾ ಐತೆ.”

ಪರೀಕ್ಷೆಯುದ್ದಕ್ಕೂ ‘ಕೇಳಿಸಿತೇ, ಕೇಳಿಸಿತೇ’ ಎಂದು ಪ್ರಾಣ ತೆಗೆದ ಫೋನು, ಅದನ್ನೆಲ್ಲ ಅಳಿಸುವ ಮುಂಚೆ ನಮ್ಮ ರುದ್ರಪ್ಪನಿಗೆ ಒಂದು ಮಾತು ಹೇಳಬಾರದಿತ್ತೆ? (ಅವನು ಅದಕ್ಕೂ ‘ಹೂಂ’ ಅನ್ನುತ್ತಿದ್ದ, ಆ ವಿಷಯ ಬೇರೆ.)